ಹುರಿಹಿಟ್ಟು, ಬೆಲ್ಲ ಮತ್ತು ಮಂಡ್ಯದ ರಾಗಿ ತಾಕು

ಬೆಳಿಗ್ಗೆ ಬೇಗ ಆಗಬೇಕು, ಹೊಟ್ಟೆ ತುಂಬಬೇಕು, ಸಕ್ಕರೆ ಹಾಕಬಾರದು, ಅಂಥ ತಿಂಡಿ ಯಾವುದಿದೆ ಎಂದು ಯಾರೇ ಕೇಳಲಿ, ನನ್ನದು ಒಂದೇ ಉತ್ತರ: ರಾಗಿ ಹುರಿಹಿಟ್ಟು. ಅವಲಕ್ಕಿ-ಬೆಲ್ಲ ಇದೆ, ಒಪ್ಪಿದೆ. ಮಲೆನಾಡಿನವರು ದೋಸೆಗೆ ಜೋನಿ ಬೆಲ್ಲ ಸುರಿದುಕೊಳ್ಳುತ್ತಾರೆ, ಅದೂ ಸೊಗಸೇ. ಆದರೆ ದೋಸೆಗೆ ಹಿಂದಿನ ದಿನವೇ ಅಕ್ಕಿ ನೆನೆಹಾಕಬೇಕು, ರುಬ್ಬಬೇಕು. ಹುರಿಹಿಟ್ಟಿಗೆ ಒಲೆಯನ್ನೇ ಹಚ್ಚಬೇಕಾಗಿಲ್ಲ. ಡಬ್ಬಿಯಿಂದ ನಾಲ್ಕು ಚಮಚ ತೆಗೆದು, ಬೆಲ್ಲ ಕರಗಿಸಿದ ಹಾಲಿಗೋ ಮಜ್ಜಿಗೆಗೋ ಹಾಕಿ ಕಲಸಿದರೆ ಮುಗಿಯಿತು. ಅಂಗಡಿಯಲ್ಲಿ ಬಣ್ಣದ ಪೆಟ್ಟಿಗೆಗಳಲ್ಲಿ ಸಿಗುವ ದಿಢೀರ್ ತಿಂಡಿಗಳಿಗೆ ನೂರಾರು ವರ್ಷ ಮೊದಲೇ ನಮ್ಮ ಬಯಲುಸೀಮೆಯ ಹೆಂಗಸರು ಇದನ್ನು ಮಾಡಿ ಗಡಿಗೆಯಲ್ಲಿ ತುಂಬಿಟ್ಟಿದ್ದರು.

ಈ ಬಟ್ಟಲಲ್ಲಿ ಇರುವುದು ಎರಡೇ ವಸ್ತು, ರಾಗಿ ಮತ್ತು ಬೆಲ್ಲ. ಎರಡಕ್ಕೂ ದೊಡ್ಡ ಚರಿತ್ರೆ ಇದೆ, ಎರಡೂ ಮಂಡ್ಯದ ಮೇಲೆ ಹಾದು ಬಂದಿವೆ. ಅದನ್ನೇ ಇವತ್ತು ಹೇಳುತ್ತೇನೆ.

ಬೆಲ್ಲದ ಹಳೆಯ ಕಥೆಯನ್ನು ಬೇಗ ಮುಗಿಸೋಣ. ಕೌಟಿಲ್ಯನ ಅರ್ಥಶಾಸ್ತ್ರದ ಉಗ್ರಾಣದ ಪಟ್ಟಿಯಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಸಾಲಾಗಿ ಬರುತ್ತವೆ. ಅಂದರೆ ಕಬ್ಬಿನ ಹಾಲನ್ನು ಪಾಕದಿಂದ ಹಿಡಿದು ಹರಳಿನವರೆಗೆ ಕಾಯಿಸಿ ಇಳಿಸುವ ವಿದ್ಯೆ ಆಗಲೇ ಕೈಗೆ ಹತ್ತಿತ್ತು. ಆಮೇಲಿನ ಶತಮಾನಗಳಲ್ಲಿ ರಾಜರು ಬದಲಾದರೇ ಹೊರತು ಕೊಪ್ಪರಿಗೆಯ ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ನಾವು ಸೀದಾ 1800ಕ್ಕೆ ಬರೋಣ.

ಟಿಪ್ಪು ತೀರಿಕೊಂಡ ಮರುವರ್ಷ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತುತ್ತಾನೆ. ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ಯಾವ ನೇಗಿಲು, ಎಷ್ಟು ಬಿತ್ತನೆ, ಎಲ್ಲವನ್ನೂ ಬರೆದುಕೊಳ್ಳುವ ಚಟ ಅವನಿಗೆ. ಒಣಭೂಮಿಯ ಬೆಳೆಗಳಲ್ಲಿ ರಾಗಿಗೇ ಅವನು ಮೊದಲ ಮಣೆ ಹಾಕುತ್ತಾನೆ. ಕಬ್ಬಿನಲ್ಲಿ ರಸ್ತಾಳಿ, ಪಟ್ಟಾಪಟ್ಟಿ ಎಂಬ ತಳಿಗಳ ಹೆಸರು ಹೇಳುತ್ತಾನೆ. ಚನ್ನಪಟ್ಟಣಕ್ಕೆ ಬಂದಾಗ ಅವನಿಗೊಂದು ಸ್ವಾರಸ್ಯದ ಸಂಗತಿ ಸಿಗುತ್ತದೆ: ಅಲ್ಲಿ ಬಹಳ ನಯವಾದ ಬಿಳಿ ಸಕ್ಕರೆ ಮಾಡುವ ವಿದ್ಯೆ ಒಂದು ಮನೆತನಕ್ಕೆ ಮಾತ್ರ ಗೊತ್ತಿತ್ತು, ಆ ಸಕ್ಕರೆ ಸುಲ್ತಾನನ ಅರಮನೆಗೆ ಹೋಗುತ್ತಿತ್ತು. ನೋಡಿ, ಬಿಳಿ ಸಕ್ಕರೆ ಎಂದರೆ ಅರಮನೆಯ ಗುಟ್ಟು, ಊರಿಗೆಲ್ಲ ಬೆಲ್ಲ. ಆ ಕಾಲದ ಒಕ್ಕಲಿಗ ಹೊಲಕ್ಕೆ ಹೊರಡುವ ಮುಂಚೆ ಬಾಯಿ ಸಿಹಿ ಮಾಡಿಕೊಂಡಿದ್ದರೆ ಅದು ಆಲೆಮನೆಯ ಕಪ್ಪು ಬೆಲ್ಲದಿಂದಲೇ.

ಈ ಲೆಕ್ಕ ತಿರುಗಿದ್ದು ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ನಾಲೆಗೆ ಇಳಿದ ಮೇಲೆ. ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಅದನ್ನು ತರಲು ದುಡಿದವರು ಆಗ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಅಡಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿಕೊಟ್ಟ ಪುಣ್ಯಾತ್ಮ ಅವರೇ. ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಸಣ್ಣದೊಂದು ಮುನಿಸು ಇದೆ: ಆ ಕಾರ್ಖಾನೆಯ ಸಕ್ಕರೆ ಬಂದು ನಮ್ಮ ಅಡುಗೆಮನೆಯ ಬೆಲ್ಲದ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿತು. ಬೆಲ್ಲ ಬಡವರದು, ಸಕ್ಕರೆ ನೆಂಟರಿಗೆ ಎನ್ನುವ ಭೇದ ಎಷ್ಟೋ ಮನೆಗಳಲ್ಲಿ ಶುರುವಾದದ್ದು ಆಗ.

ಈಗ ರಾಗಿಗೆ ಬರೋಣ. ನಾನು ಮಾತಾಡಲು ಕಾದಿದ್ದು ಇದಕ್ಕೇ.

ರಾಗಿಯ ತವರು ಪೂರ್ವ ಆಫ್ರಿಕಾದ ಬೆಟ್ಟಸೀಮೆ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಕಾಳು ಇಲ್ಲಿನ ಕೆಂಪು ಮಣ್ಣಿಗೆ ಹೊಂದಿಕೊಂಡು ನಮ್ಮದೇ ಆಗಿಬಿಟ್ಟಿತು. ಕನಕದಾಸರು ಅದನ್ನು ಅಕ್ಕಿಯ ಜೊತೆ ಜಗಳಕ್ಕೆ ನಿಲ್ಲಿಸಿ ರಾಮನಿಂದ ತೀರ್ಪು ಕೊಡಿಸಿದ್ದು ನಿಮಗೆಲ್ಲ ಗೊತ್ತು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಬೀಳದು. ಬರಗಾಲಕ್ಕೆ ಹೇಳಿಮಾಡಿಸಿದ ಧಾನ್ಯ, ಆದರೆ ಇಳುವರಿ ಮಾತ್ರ ಕಡಿಮೆ. ಅಕ್ಕಿ, ಗೋಧಿಗೆ ಸಿಕ್ಕ ಮರ್ಯಾದೆ ಸಂಶೋಧನೆಯಲ್ಲಿ ಅದಕ್ಕೆ ಸಿಗಲಿಲ್ಲ.

ಅಂಥ ಹೊತ್ತಿನಲ್ಲಿ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಬ್ಬರು ರಾಗಿಯ ಬೆನ್ನು ಹತ್ತಿದರು. ಲಕ್ಷ್ಮಣಯ್ಯ. ರೈತರು ಅವರನ್ನು ಕರೆದದ್ದೇ ರಾಗಿ ಲಕ್ಷ್ಮಣಯ್ಯ ಎಂದು. ಸುತ್ತಲೂ ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆಯ ನೀರು. ಆ ನೀರಾವರಿಯ ಸೀಮೆಯಲ್ಲಿ ಕೂತು ಈ ಮನುಷ್ಯ ಒಣಭೂಮಿಯ ಕಾಳಿಗೆ ಬದುಕು ಕೊಟ್ಟರು.

ಅದು ಎಂಥ ಕಷ್ಟದ ಕೆಲಸ ಗೊತ್ತೇ? ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಒಂದು ತೆನೆಯ ಇಲುಕುಗಳಲ್ಲಿ ಅಂಥವು ನೂರಾರು. ಗಂಡೂ ಹೆಣ್ಣೂ ಒಂದೇ ಹೂವಿನೊಳಗೆ, ತನ್ನ ಪರಾಗ ತನಗೇ. ಅರಳುವ ಹೊತ್ತೋ, ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ನಾವು ಎದ್ದು ಹಲ್ಲುಜ್ಜುವ ಹೊತ್ತಿಗೆ ಅದರ ಮದುವೆ ಮುಗಿದು ಹೋಗಿರುತ್ತದೆ! ಇಂಥದರಲ್ಲಿ ಬೇರೆ ತಳಿಯ ಪರಾಗ ಸೇರಿಸುವುದು ಹೇಗೆ? ರಾಗಿ ತಳಿ ತಜ್ಞರು ಕಂಡುಕೊಂಡ ಒಂದು ಉಪಾಯವೆಂದರೆ ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿಬಿಡುವುದು. ಅಲ್ಲೊಂದು ಇಲ್ಲೊಂದು ಕಾಳು ಮಾತ್ರ ಮಿಶ್ರವಾಗುತ್ತದೆ. ಅದನ್ನು ಹುಡುಕಲು ಎಲ್ಲವನ್ನೂ ಬಿತ್ತಬೇಕು. ಹಸಿರು ಕಾಂಡದ ತಾಯಿಗೆ ನೇರಳೆ ಗಿಣ್ಣಿನ ತಂದೆಯನ್ನು ಆರಿಸಿಕೊಂಡಿದ್ದರೆ, ಸಾವಿರಾರು ಹಸಿರು ಪೈರುಗಳ ನಡುವೆ ನೇರಳೆ ಬಣ್ಣ ಮೂಡಿದ ನಾಲ್ಕೈದು ಸಿಕ್ಕಾವು. ಅಲ್ಲಿಂದ ಮುಂದೆ ಬೆಳೆ ಮೇಲೆ ಬೆಳೆ, ಆರಿಸು, ಬಿಸಾಡು, ಮತ್ತೆ ಆರಿಸು. ವರ್ಷಗಳೇ ಹಿಡಿಯುತ್ತವೆ.

ಲಕ್ಷ್ಮಣಯ್ಯನವರು ಮೊದಲು ನಮ್ಮ ನಾಡ ತಳಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ಅವರ ಕಣ್ಣು ಬಿದ್ದದ್ದು ಆಫ್ರಿಕಾದ ರಾಗಿಯ ಮೇಲೆ. ದಪ್ಪ ತೆನೆ, ಗಟ್ಟಿ ಕಾಂಡ, ರೋಗ ತಡೆಯುವ ಶಕ್ತಿ. ಅದನ್ನು ನಮ್ಮ ರಾಗಿಗೆ ಕೂಡಿಸಿ ಹುಟ್ಟಿಸಿದ ಸಂತಾನಕ್ಕೆ ಇಂಡಾಫ್ ಎಂದು ಹೆಸರಾಯಿತು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಸಾವಿರಾರು ವರ್ಷ ದೂರವಿದ್ದ ದಾಯಾದಿಗಳನ್ನು ಮಂಡ್ಯದ ಒಂದು ತಾಕಿನಲ್ಲಿ ಒಟ್ಟು ಮಾಡಿದರು! ಇಂಡಾಫ್ ತಳಿಗಳು ನಾಡಿನ ರಾಗಿ ಇಳುವರಿಯನ್ನೇ ಮೇಲೆತ್ತಿದವು. ಲಕ್ಷ್ಮಣಯ್ಯ 1993ರಲ್ಲಿ ತೀರಿಕೊಂಡರು. ಅಕ್ಕಿ-ಗೋಧಿಯ ಹಸಿರು ಕ್ರಾಂತಿಯ ಹೆಸರುಗಳು ಶಾಲೆಯ ಮಕ್ಕಳ ಬಾಯಲ್ಲಿವೆ. ಮುದ್ದೆ ಉಣ್ಣುವ ನಮ್ಮ ಮನೆಗಳಲ್ಲೇ ಈ ಹೆಸರು ಎಷ್ಟು ಜನಕ್ಕೆ ಗೊತ್ತು? ನನಗಿದು ನುಂಗಲಾರದ ಸಂಕಟ.

ಇನ್ನು ಹುರಿಯುವ ವಿಚಾರ. ನಮ್ಮ ಅಜ್ಜಿಯರು ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಿಸಿ, ಕಾದ ಮರಳಿನಲ್ಲಿ ಹುರಿಯುತ್ತಿದ್ದರು. ಚಟಪಟ ಎಂದು ಬಿಳಿಯಾಗಿ ಅರಳಿದ ಮೇಲೆ ಮರಳು ಜರಡಿ ಹಿಡಿದು ಬೀಸುವುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1981ರಲ್ಲಿ ಪ್ರಕಟಿಸಿದ ಸಂಶೋಧನೆ, ಎಲ್ಲ ತಳಿಯ ರಾಗಿಯೂ ಒಂದೇ ರೀತಿ ಅರಳುವುದಿಲ್ಲ ಎಂದು ತೋರಿಸಿತು. ಕಾಳಿನಲ್ಲಿ ತೇವ ಶೇಕಡಾ 18-20ರ ಆಸುಪಾಸು ಇರಬೇಕು. ಅಜ್ಜಿಯರು ಇದನ್ನು ಅಂಗೈಯಲ್ಲಿ ಕಾಳು ಉಜ್ಜಿಯೇ ಹೇಳುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಆದರೆ ಬೆಲ್ಲ ಕೆಟ್ಟುಹೋಗಿದೆ ಸ್ವಾಮಿ. ಹಿಂದೆ ಕೊಪ್ಪರಿಗೆಯ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ, ಚೂರು ಸುಣ್ಣ ಹಾಕುತ್ತಿದ್ದರು. ಈಗ ಎಷ್ಟೋ ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ, ಬೆಲ್ಲ ಚಿನ್ನದ ಬಣ್ಣಕ್ಕೆ ತಿರುಗಲಿ ಎಂದು. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡು ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂದು ಕಾನೂನು ಇದೆ. ಆಲೆಮನೆಯವರನ್ನೇ ಬೈದು ಫಲವಿಲ್ಲ. ಹಳದಿ ಬೆಲ್ಲ ಕಂಡರೆ ಕೈ ಚಾಚುವವರು, ಕಪ್ಪು ಬೆಲ್ಲ ಕಂಡರೆ ಮೂಗು ಮುರಿಯುವವರು ನಾವೇ. ಸುಲ್ತಾನನ ಅರಮನೆಯ ಬಿಳುಪಿನ ಹುಚ್ಚು ಈಗ ಸಂತೆಗೆ ಬಂದಿದೆ.

ಇನ್ನೊಂದು ಮಾತು. ಬೆಲ್ಲ, ಜೇನುತುಪ್ಪ ಎಂದಾಕ್ಷಣ ಎಷ್ಟಾದರೂ ಸುರಿಯಬಹುದು ಎಂದುಕೊಳ್ಳಬೇಡಿ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳುವಾಗ ಜೇನನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ಸಕ್ಕರೆ ಕಾಯಿಲೆ ಇದ್ದವರು ಹುರಿಹಿಟ್ಟನ್ನು ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆಯಲ್ಲಿ ಕಲಸಿಕೊಳ್ಳಿ. ಉಳಿದವರಿಗೆ ಒಂದು ಸಣ್ಣ ನೆಲ್ಲಿಕಾಯಿ ಗಾತ್ರದ ಬೆಲ್ಲ, ಅರ್ಧ ಪಚ್ಚಬಾಳೆ ಹಣ್ಣು, ಒಂದು ಹಿಡಿ ಕಾಯಿತುರಿ ಸಾಕು.

ಕಲಸುವ ಕ್ರಮ ಮಾತ್ರ ತಪ್ಪಬೇಡಿ. ಮೊದಲು ಬೆಲ್ಲವನ್ನು ಉಗುರುಬೆಚ್ಚನೆ ನೀರಲ್ಲಿ ಕರಗಿಸಿ ಸೋಸಿ, ಏಕೆಂದರೆ ಕಬ್ಬಿನ ಸಿಪ್ಪೆ, ಮರಳು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಹಾಲು. ಕೊನೆಯಲ್ಲಿ ಹಿಟ್ಟು, ಅದೂ ಸ್ವಲ್ಪ ಸ್ವಲ್ಪವಾಗಿ. ಹಿಟ್ಟಿನ ಮೇಲೆ ಹಾಲು ಸುರಿದಿರೋ, ಗಂಟುಗಳನ್ನು ಒಡೆಯುತ್ತಾ ಕೂರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.