ದಡ್ಡನೆನ್ನುವ ಮುನ್ನ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಬಂದಿರುವ ತಾವೆಲ್ಲರೂ ಈ ಮಾತನ್ನು ಕೇಳಿರುತ್ತೀರಿ: "ಈ ಹುಡುಗನ ತಲೆಗೆ ಓದು ಹತ್ತುವುದಿಲ್ಲ." ಮರುದಿನವೇ ಅವನು ಗ್ಯಾರೇಜಿನಲ್ಲಿರುತ್ತಾನೆ. ಯಾವ ಪರೀಕ್ಷೆಯ ಆಧಾರದಲ್ಲಿ ನೀಡಿದ ತೀರ್ಪಿದು?

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದೇ ಹೊರತು ಹೊರದಬ್ಬಲಿಕ್ಕಲ್ಲ. 1930ರ ದಶಕದಲ್ಲಿ ಧಾರವಾಡದ ವಿ.ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಭಾಷೆ ಬದಲಾದರೆ ಅಳತೆಗೋಲೂ ಬದಲಾಗಬೇಕಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಬುದ್ಧಿಮಾಂದ್ಯರ ತರಗತಿಗೆ ಸೇರಿಸಲಾಗಿತ್ತು. ಅವರ ಪರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂದು 1970ರಲ್ಲಿ ಒಪ್ಪಂದವಾಯಿತು. ದಖನಿ ಉರ್ದು ಮಾತನಾಡುವ ನಮ್ಮ ಮಗುವನ್ನು ಕನ್ನಡದಲ್ಲಷ್ಟೇ ಪ್ರಶ್ನಿಸಿದರೆ, ಭಾಷೆಯ ಅಪರಿಚಯವೇ ಬುದ್ಧಿಯ ಕೊರತೆಯೆಂದು ದಾಖಲಾದೀತು. ಆದ್ದರಿಂದ ಮೌಲ್ಯಾಂಕನ ಶಿಬಿರದಲ್ಲಿ ಮನೆಮಾತು ಯಾವುದೆಂಬುದನ್ನು ಮೊದಲೇ ತಿಳಿಸಿರಿ.

ಹಾಗೆಂದು ಶಿಬಿರಕ್ಕೇ ಹೋಗದಿರುವುದು ಇನ್ನೊಂದು ಅನ್ಯಾಯ. ಹೆಣ್ಣುಮಗುವಾದರಂತೂ, ನಾಳೆ ಸಂಬಂಧ ಕೂಡಿಬರದೆಂದು ಮುಚ್ಚಿಡುತ್ತೇವೆ. ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ) ಕಲಿಯಲು ಬಂದ ಸಂದರ್ಭದಲ್ಲಿಯೇ 'ಅಬಸ' ಅಧ್ಯಾಯ ಅವತೀರ್ಣವಾಯಿತೆಂಬುದನ್ನು ಬಲ್ಲ ಸಮುದಾಯವಿದು!

ಮದ್ರಸದ ಉಸ್ತಾದರಲ್ಲಿ ಒಂದು ವಿನಂತಿ. ಕಿವಿಯಿಂದ ಕೇಳಿ ಸೂರಾಗಳನ್ನು ಚೆನ್ನಾಗಿ ಕಂಠಪಾಠ ಮಾಡುವ ಮಗು ಗ್ರಂಥ ತೆರೆದೊಡನೆ ಅಕ್ಷರಗಳಿಗೆ ತಡವರಿಸುತ್ತಿದ್ದರೆ ಬೆತ್ತ ಎತ್ತಬೇಡಿರಿ. ಅದರ ಸ್ಮರಣಶಕ್ತಿ ಗಟ್ಟಿಯಾಗಿದೆ. ತೊಡಕಿರುವುದು ಓದಿನಲ್ಲೋ ದೃಷ್ಟಿಯಲ್ಲೋ ಇರಬಹುದು. ತಂದೆತಾಯಿಗೆ ತಿಳಿಸಿರಿ.

1995ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಸ್ಥಾನವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 'ಬಯಸಿದ' ಎಂಬ ಪದವನ್ನು ಗಮನಿಸಿರಿ. ವಿಶೇಷ ಶಾಲೆಗೆ ಕಳುಹಿಸಲೇಬೇಕೆಂದು ಮುಖ್ಯೋಪಾಧ್ಯಾಯರು ಒತ್ತಾಯಿಸುವಂತಿಲ್ಲ. ಐದು ವರ್ಷಗಳಿಗೊಮ್ಮೆ ಶಾಲಾಮಕ್ಕಳ ಸಮೀಕ್ಷೆ ನಡೆಸಬೇಕೆಂದೂ ಕಾಯ್ದೆ ಹೇಳುತ್ತದೆ. ಮತ ಯಾಚಿಸಲು ಬರುವವರಲ್ಲಿ ಶಾದಿಮಹಲ್ ಒಂದನ್ನೇ ಕೇಳುವ ನಾವು ಇದನ್ನೂ ಕೇಳೋಣ.

ಮೊದಲು ಮಗುವಿನ ಕಿವಿ, ಕಣ್ಣು ಪರೀಕ್ಷೆಯಾಗಲಿ. ಸರಿಯಾಗಿ ಕೇಳಿಸದ ಮಗುವೂ ದಡ್ಡನೆನಿಸಿಕೊಳ್ಳುತ್ತದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಶ್ರೀರಂಗಪಟ್ಟಣದವರಿಗೆ ಅದು ಹತ್ತಿರ. ನಾಗಮಂಗಲ, ಕೃಷ್ಣರಾಜಪೇಟೆಯ ಬಡ ತಾಯಿಗೆ ಒಂದು ದಿನದ ಕೂಲಿ ನಷ್ಟ, ಮೇಲೆ ಬಸ್ ಖರ್ಚು. ಅದನ್ನು ಆಯಾ ಊರಿನ ಜಮಾಅತಿನ ಬೈತುಲ್ ಮಾಲ್ ಭರಿಸಲಿ. ಮುತವಲ್ಲಿಗಳು ಇಲ್ಲಿಯೇ ಇದ್ದಾರೆ. ಹೊರಡುವ ಮುನ್ನ ಅವರ ಬಳಿ ಹೆಸರು ಬರೆಸಿರಿ.