ಚುಕ್ಕಾಣಿಯ ಸಡಿಲು

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಯಂತ್ರಗಳ ವಿಷಯದಲ್ಲಿ ಮಾತನಾಡಲು ನನಗೆ ಅಧಿಕಾರವಿಲ್ಲ. ಆದರೂ ಹಳೆಯ ಕಾರೊಂದರ ಸ್ಟಿಯರಿಂಗಿನ ಸಡಿಲನ್ನು ಮನೆಯಂಗಳದಲ್ಲಿಯೇ ಸರಿಪಡಿಸಹೋಗಿ ಕಲಿತದ್ದನ್ನು ತಮ್ಮ ಮುಂದಿಡಬೇಕೆನಿಸಿದೆ.

ಕಾರು ನಮ್ಮ ತಂದೆಯವರದು. 1978ರ ಪ್ರೀಮಿಯರ್ ಪದ್ಮಿನಿ. ತಮ್ಮ ಕೊನೆಯ ವರ್ಷಗಳಲ್ಲಿ ಅವರು ನೇರವಾದ ರಸ್ತೆಯಲ್ಲಿಯೂ ಸ್ಟಿಯರಿಂಗ್ ಚಕ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಲೇ ಇರುತ್ತಿದ್ದರು. ವೃದ್ಧಾಪ್ಯದಿಂದ ಕೈ ನಡುಗುತ್ತಿದೆಯೆಂದು ನಾನು ಭಾವಿಸಿದೆ. “ಇನ್ನು ಓಡಿಸುವುದು ಬೇಡ” ಎಂದು ಹೇಳಿ ಕೀಲಿಕೈಯನ್ನು ಇಸಿದುಕೊಂಡೆ. ಅವರು ಮರುಮಾತಾಡಲಿಲ್ಲ. ಅವರು ತೀರಿಕೊಂಡ ಮೇಲೆ ಅದೇ ಕಾರನ್ನು ಹೆದ್ದಾರಿಯಲ್ಲಿ ಓಡಿಸುವಾಗ ನೋಡುತ್ತೇನೆ, ನನ್ನ ಕೈಗಳೂ ಹಾಗೆಯೇ ಆಡುತ್ತಿವೆ!

ಸಡಿಲನ್ನು ಅಳೆಯುವುದು ಸುಲಭ. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಬೇಕು. ಮುಂದಿನ ಗಾಲಿಗಳು ನೇರವಾಗಿರಲಿ. ಬಳಿಕ ಚಕ್ರವನ್ನು ಬೆರಳ ತುದಿಯಿಂದ ಆಡಿಸಿ, ಗಾಲಿಗಳು ಅಲುಗುವ ಮುನ್ನ ಅದರ ಅಂಚು ಎಷ್ಟು ದೂರ ಚಲಿಸುವುದೆಂದು ಗುರುತಿಸಬೇಕು. ಹಳೆಯ ಕಾರುಗಳಲ್ಲಿ ಒಂದು ಅಂಗುಲದವರೆಗೆ ಸಾಮಾನ್ಯವಾಗಿ ಸಹಿಸಬಹುದೆನ್ನುತ್ತಾರೆ. ನಮ್ಮದರಲ್ಲಿ ಅದು ಮೂರು ಅಂಗುಲವನ್ನು ಮೀರಿತ್ತು.

ಇಲ್ಲಿ ನಾನು ಆತುರಪಟ್ಟೆ. ಸ್ಟಿಯರಿಂಗ್ ಬಾಕ್ಸಿನ ಮೇಲೆ ಲಾಕ್ ನಟ್ ಸಹಿತವಾದ ಒಂದು ಹೊಂದಾಣಿಕೆಯ ಸ್ಕ್ರೂ ಇದೆ. ಅದನ್ನು ಬಿಗಿಮಾಡಿದೆ. ಸಡಿಲು ಕಡಿಮೆಯಾದಂತೆ ತೋರಿತು. ಮರುದಿನ ಕೆರೆಯ ಏರಿಯ ತಿರುವಿನಲ್ಲಿ ಚಕ್ರ ತಾನಾಗಿ ನೇರಕ್ಕೆ ಮರಳಲೇ ಇಲ್ಲ, ಬಲವಂತದಿಂದ ಎಳೆಯಬೇಕಾಯಿತು. ಎದುರಿಗೆ ವಾಹನ ಬಾರದಿದ್ದುದು ನನ್ನ ಪುಣ್ಯ. ಬಾಕ್ಸಿನೊಳಗಿನ ಹಲ್ಲುಗಳು ನೇರ ಓಟದ ನಡುಭಾಗದಲ್ಲಿಯೇ ಹೆಚ್ಚು ಸವೆಯುತ್ತವೆ. ನಡುವಿನ ಸಡಿಲನ್ನು ಕಳೆಯಲೆಂದು ಅತಿಯಾಗಿ ಬಿಗಿದರೆ ಸವೆಯದ ಅಂಚುಗಳು ತಿರುವಿನಲ್ಲಿ ಬಿಗಿದುಕೊಳ್ಳುತ್ತವೆ.

ಸ್ಕ್ರೂವನ್ನು ಮೊದಲಿನ ಸ್ಥಿತಿಗೆ ತಂದು, ಮಾಡಬೇಕಾಗಿದ್ದ ಕೆಲಸವನ್ನು ಆಮೇಲೆ ಮಾಡಿದೆ. ಮಗಳು ಒಳಗೆ ಕುಳಿತು ಚಕ್ರವನ್ನು ಮೆಲ್ಲಗೆ ಆಡಿಸಿದಳು. ನಾನು ಬಗ್ಗಿ ಕೀಲುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲಿ ಒಂದು ಭಾಗ ಚಲಿಸಿ ಅದರ ಮುಂದಿನದು ಚಲಿಸದೆ ನಿಲ್ಲುತ್ತದೆಯೋ ದೋಷ ಅಲ್ಲಿದೆ. ಬಾಕ್ಸನ್ನು ಚೌಕಟ್ಟಿಗೆ ಹಿಡಿದ ಬೋಲ್ಟುಗಳು ಭದ್ರವಾಗಿದ್ದವು. ಬಲಬದಿಯ ಟೈ ರಾಡಿನ ತುದಿಯ ಬಾಲ್ ಜಾಯಿಂಟ್ ಮಾತ್ರ ತನ್ನ ಗೂಡಿನಲ್ಲಿ ಲಟಲಟನೆ ಆಡುತ್ತಿತ್ತು. ಅದರ ರಬ್ಬರ್ ಹೊದಿಕೆ ಹರಿದು ಒಳಗೆ ಧೂಳು ಸೇರಿತ್ತು.

ಅದನ್ನು ಬದಲಿಸುವಾಗ, ಹಳೆಯದು ಎಷ್ಟು ಸುತ್ತಿಗೆ ಬಿಚ್ಚಿಬಂದಿತೆಂದು ಎಣಿಸಿ ಹೊಸದನ್ನು ಅಷ್ಟೇ ಸುತ್ತು ತಿರುಗಿಸಿದೆ. ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆ; ಹಳೆಯ ಪಿನ್ನನ್ನು ಮತ್ತೆ ಬಳಸಬಾರದು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬಾರದು. ಭದ್ರವಾದ ಸ್ಟ್ಯಾಂಡ್ ಇರಲೇಬೇಕು. ಕೊನೆಗೆ ಗರಾಜಿನಲ್ಲಿ ಗಾಲಿಗಳ ಅಲೈನ್‌ಮೆಂಟ್ ನೋಡಿಸಿ, ಕೆಲಸವನ್ನೂ ಪರಿಣತರ ಕಣ್ಣಿಗೆ ಒಪ್ಪಿಸಿದೆ. ಸಡಿಲು ಒಂದು ಅಂಗುಲದೊಳಗೆ ಬಂದಿತು. ಬಾಕ್ಸನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ತಾಳೆಗರಿಗಳನ್ನು ಹೋಲಿಸಿ ನೋಡದೆ ಪಾಠವನ್ನು ತಿದ್ದಬಾರದೆಂದು ತರಗತಿಯಲ್ಲಿ ವರ್ಷವರ್ಷವೂ ಬೋಧಿಸಿದವನು ನಾನು. ಮನೆಯಂಗಳದಲ್ಲಿ ಆ ಬೋಧನೆ ನನಗೇ ನೆನಪಾಗಲಿಲ್ಲ. ಕಾರಿನ ವಿಷಯದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಸಮಯವಿತ್ತು. ತಂದೆಯವರಿಂದ ಕೀಲಿಕೈ ಇಸಿದುಕೊಂಡ ದಿನ, ಅವರ ಕೈಯನ್ನು ದೂರುವ ಮೊದಲು, ನಾನು ಒಮ್ಮೆ ಬಗ್ಗಿ ನೋಡಬೇಕಾಗಿತ್ತು.