ಅಂಕಿಗೆ ಇಳಿದ ನಾದ



ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಸಂಗಡಿಗರು ಉತ್ಖನನ ನಡೆಸಿ ನವಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದರು. ಅಗೆಯುವವನಿಗೆ ಮಡಕೆಯ ಚೂರು ಎಷ್ಟು ಮುಖ್ಯವೋ, ಅದು ದೊರೆತ ಪದರವೂ ಅಷ್ಟೇ ಮುಖ್ಯ. ಪದರ ತಪ್ಪಿದ ಚೂರು ತನ್ನ ಕಾಲವನ್ನು ಕಳೆದುಕೊಂಡ ಚೂರು. ಈ ಮಾತು ಇಂದಿನ ಡಿಜಿಟಲ್ ಧ್ವನಿಮುದ್ರಣಕ್ಕೂ ಸಲ್ಲುತ್ತದೆ.

ನಾದವೆಂಬುದು ಗಾಳಿಯಲ್ಲಿ ಎಡೆಬಿಡದೆ ಏರಿಳಿಯುವ ಒತ್ತಡ. ಅದನ್ನು ಅಂಕಿಗಳಲ್ಲಿ ಹಿಡಿಯಲು ಕ್ಷಣಕ್ಷಣಕ್ಕೂ ಅಳೆಯಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಕಟ್ಟಳೆಯಂತೆ ಸೆಕೆಂಡಿಗೆ 44,100 ಅಳತೆಗಳು. ಪ್ರತಿಯೊಂದು ಅಳತೆಯೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲುತ್ತದೆ. ಯಾವಾಗ ಅಳೆಯಬೇಕೆಂದು ಸಾರುವುದು ಸ್ಫಟಿಕದ ಗಡಿಯಾರ. ಅದರ ಮಿಡಿತ ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಬೀಳುವ ದೋಷಕ್ಕೆ ಜಿಟರ್ ಎಂದು ಹೆಸರು. ಸೆಕೆಂಡಿಗೆ 10,000 ಸಲ ಕಂಪಿಸುವ, ಪೂರ್ಣಬಲದ ಸ್ವರವನ್ನು ಅಳೆಯುವಾಗ, ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಅರ್ಧ ಭಾಗದಷ್ಟು ಹೊತ್ತು ತಪ್ಪಿದರೂ ಅಳತೆ ಒಂದು ಮೆಟ್ಟಿಲು ಜಾರಬಹುದು. ಈ ಅಲುಗಾಟ ಕ್ರಮಬದ್ಧವಾಗಿದ್ದರೆ ಮೂಲಸ್ವರದ ಇಕ್ಕೆಲಗಳಲ್ಲಿ ಹಾಡಿದವರು ಹಾಡದ ಸ್ವರಗಳು ಹುಟ್ಟುತ್ತವೆ. ಕ್ರಮವಿಲ್ಲದಿದ್ದರೆ ಸಣ್ಣ ಮೊರೆತ ಸೇರುತ್ತದೆ.

ಹಾಗೆಂದು ಭಯಪಡಬೇಕಾಗಿಲ್ಲ. 2005ರಲ್ಲಿ ಜಪಾನಿನಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೋಷವು ಸೆಕೆಂಡಿನ ನೂರು ಕೋಟಿಯಲ್ಲಿ 250 ಭಾಗದಷ್ಟಿದ್ದಾಗಲೂ ಸಂಗೀತ ಕೇಳಿದವರು ಅದನ್ನು ಗುರುತಿಸಲಾರದೆ ಹೋದರು. ಇದೊಂದೇ ಕಾರಣಕ್ಕೆ ಸಾವಿರಾರು ರೂಪಾಯಿಯ ತಂತಿ ಕೊಳ್ಳುವುದು ಅನಾವಶ್ಯಕ.

ತಿಳಿಯಬೇಕಾದುದು ದೋಷ ಎಲ್ಲಿ ಹುಟ್ಟಿತೆಂಬುದು. ಒಂದು ಯಂತ್ರದಿಂದ ಇನ್ನೊಂದಕ್ಕೆ ತಂತಿಯಲ್ಲಿ ಸಾಗುವಾಗ ಅಂಕಿಗಳು ಹಿಂದುಮುಂದಾಗಿ ತಲುಪಿದರೆ, ಅವನ್ನು ಕ್ಷಣಕಾಲ ಕೂಡಿಟ್ಟು, ಸ್ಥಿರವಾದ ಗಡಿಯಾರದ ಮಿಡಿತಕ್ಕೆ ತಕ್ಕಂತೆ ಹೊರಗೆ ಕಳಿಸಬಹುದು; ಅಲ್ಲಿಗೆ ದೋಷ ತೀರಿತು. ಗುರುತು ಬರೆದ ಚೂರುಗಳು ಗಾಡಿಯಲ್ಲಿ ಕಲಸಿಹೋದರೂ ಮತ್ತೆ ಜೋಡಿಸಿಡಬಹುದಷ್ಟೆ. ಆದರೆ ಅಳೆಯುವ ಗಳಿಗೆಯಲ್ಲೇ ಗಡಿಯಾರ ಅಲುಗಿದ್ದರೆ, ತಪ್ಪು ಅಂಕಿಯೊಳಗೇ ಬೆರೆತುಹೋಗುತ್ತದೆ. ಅದು ಪದರವನ್ನೇ ಕೆಡಿಸಿ ಅಗೆದಂತೆ.

ಕಿವಿಗೆ ಸ್ಪಷ್ಟವಾಗಿ ಕೇಳಿಸಬಲ್ಲ ದೋಷ ಇನ್ನೊಂದಿದೆ. ಜೋಡಿಸಿದ ಎರಡು ಯಂತ್ರಗಳು ತಂತಮ್ಮ ಗಡಿಯಾರವನ್ನೇ ನಂಬಿ ನಡೆದರೆ, ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೂ ಎರಡೂಕಾಲು ಸೆಕೆಂಡಿಗೊಂದು ಅಳತೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಆಗ ನಡುನಡುವೆ 'ಟಕ್' ಎಂಬ ಸದ್ದು ಬರಬಹುದು. ಪರಿಹಾರ ಸುಲಭ: ಒಂದನ್ನು ಮುಖ್ಯವೆಂದಿಟ್ಟು ಮತ್ತೊಂದು ಅದನ್ನು ಅನುಸರಿಸುವಂತೆ ಮಾಡಬೇಕು. ಮೇಳದಲ್ಲಿ ಮುಖ್ಯ ಕಥೆಗಾರ್ತಿಯ ಲಯವನ್ನು ಹಿಮ್ಮೇಳ ಅನುಸರಿಸುವುದಿಲ್ಲವೆ?

ಇದನ್ನು ಹೇಳಲು ಕಾರಣವುಂಟು. ನಮ್ಮ ಜಿಲ್ಲೆಯ ದರೋಜಿಯ ಬುರ್ರಕಥಾ ಈರಮ್ಮನವರು ಓದುಬರಹವಿಲ್ಲದೆಯೇ ದೀರ್ಘ ಕಥನಕಾವ್ಯಗಳನ್ನು ನಾಲಿಗೆಯ ಮೇಲೆ ಹೊತ್ತಿದ್ದರು, 2014ರಲ್ಲಿ ತೀರಿಕೊಂಡರು. ಅಂಥವರ ಕೊರಳು ಎಲ್ಲೆಲ್ಲಿ ಟೇಪುಗಳಲ್ಲಿ ಉಳಿದಿದೆಯೋ ಅಲ್ಲಿ ಟೇಪು ವರ್ಷವರ್ಷವೂ ಸವೆಯುತ್ತಿದೆ. ಅದನ್ನು ಅಂಕಿಗಳಿಗೆ ಇಳಿಸುವ ಅವಕಾಶ ಹಲವು ಟೇಪುಗಳಿಗೆ ಒಮ್ಮೆಯೇ ದೊರೆಯುವುದು. ಟೇಪು ಸರಿಯಾದ ವೇಗದಲ್ಲಿ ಓಡಲಿ, ಅಳೆಯುವ ಯಂತ್ರ ಒಳ್ಳೆಯದಿರಲಿ, ಗಡಿಯಾರ ಒಂದೇ ಇರಲಿ. ಮೊದಲ ಅಳತೆ ನೆಟ್ಟಗಿದ್ದರೆ ಮುಂದಿನದನ್ನು ಮುಂದಿನವರು ತಿದ್ದಿಕೊಂಡಾರು. ಮೊದಲ ಅಳತೆಯೇ ಕೆಟ್ಟರೆ, ಹಾಡಿದವರು ಮತ್ತೆ ಬಂದು ಹಾಡಲಾರರು.

(ಕೃಪೆ: ಆಕಾಶವಾಣಿ)